ಸಕ್ಕರೆ ಊರಿನವರೇ, ವರ್ಷಕ್ಕೊಂದು ಸಲ ಕಣ್ಣು ತೋರಿಸಿ!

ಮಂಡ್ಯ ಅಂದರೆ ಸಕ್ಕರೆ ಊರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಬಂದ ಹೆಸರು. ಇವತ್ತಿಗೂ ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಆದರೆ ಬೆಳಿಗ್ಗೆ ಪೇಟೆ ಬೀದಿಯ ಯಾವುದಾದರೂ ಹೋಟೆಲಿಗೆ ಹೋಗಿ ಕೂತು ನೋಡಿ. ಒಂದೆರಡು ಮೇಜಿನಿಂದಲಾದರೂ "ನಂಗೆ ಸಕ್ರೆ ಬ್ಯಾಡ ಕಣಪ್ಪ" ಅನ್ನುವ ಕೂಗು ಬಂದೇ ಬರುತ್ತದೆ. ಸಕ್ಕರೆ ಊರಿಗೇ ಸಕ್ಕರೆ ಬೇಡವಾದ ಕಾಲ!

ಈ ಕಾಯಿಲೆ ವಿಚಾರದಲ್ಲಿ ನಮ್ಮ ಜನ ದಡ್ಡರಲ್ಲ. ಮಾತ್ರೆ ಹೆಸರು, ಊಟಕ್ಕೆ ಮುಂಚೆ ಎಷ್ಟಿತ್ತು, ಊಟ ಆದ ಮೇಲೆ ಎಷ್ಟಾಯಿತು, ಎಲ್ಲ ಬಾಯಿಪಾಠ. ಕಾಲಿಗೆ ಗಾಯ ಆಗದಂತೆ ನೋಡಿಕೊಳ್ಳಬೇಕು ಅನ್ನುವುದೂ ಗೊತ್ತು. "ಸರಿ ಸ್ವಾಮಿ, ಕಣ್ಣು ಯಾವಾಗ ತೋರಿಸಿದ್ರಿ?" ಅಂತ ಕೇಳಿದರೆ ಮಾತ್ರ ಹುಬ್ಬು ಮೇಲೇರುತ್ತದೆ. "ಕಣ್ಣಿಗೇನಾಗದೆ? ಚೆನ್ನಾಗೇ ಕಾಣ್ತದಲ್ಲ!"

ಈ "ಚೆನ್ನಾಗೇ ಕಾಣ್ತದೆ" ಅನ್ನುವ ಮಾತೇ ಮೋಸ. ಇವತ್ತಿನ ವಿಷಯ ಅದೇ.

ಕರೀ ನೂಲು ತೇಲಿದ ಬೆಳಿಗ್ಗೆ

ನಮಗೆ ಪರಿಚಯದ ಹಿರಿಯರೊಬ್ಬರು ಊರಾಚೆ ಆಲೆಮನೆ ನಡೆಸಿದವರು. ಹೆಸರು ಬೇಡ ಅಂದಿದ್ದಾರೆ. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿತ್ತು. ಮುಂದಿನದನ್ನು ಅವರ ಬಾಯಿಂದಲೇ ಕೇಳಿ:

"ನನ್ ಕಣ್ಗೇನಾಗಿತ್ತು ಸ್ವಾಮಿ? ಅಷ್ಟ್ ದೂರದಿಂದ್ಲೇ ಬಸ್ಸಿನ ಬೋರ್ಡ್ ಓದ್ತಿದ್ದೆ. ಕೊಪ್ಪರಿಗೇಲಿ ಪಾಕ ಬಂದದೋ ಇಲ್ವೋ ಅಂತ ನೊರೆ ನೋಡೇ ಯೋಳ್ತಿದ್ದೆ. ಒಂದಿನ ಬೆಳಿಗ್ಗೆ ಮಕ ತೊಳ್ಕಂಡು ಬಂದ್ರೆ ಬಲಗಣ್ಣ ಮುಂದೆ ಕರೀ ನೂಲು ತೇಲ್ದಂಗಾಯ್ತು. ಬೈಗಾಗೋ ಹೊತ್ಗೆ ಮಸಿ ಬಳ್ದಂಗೆ ಪೂರಾ ಕತ್ಲೆ."

ನೋವಿಲ್ಲ, ಉರಿಯಿಲ್ಲ, ನೀರು ಸುರಿದದ್ದೂ ಇಲ್ಲ. ತಾನಾಗೇ ಸರಿಹೋಗುತ್ತದೆ ಅಂತ ತಿಂಗಳುಗಟ್ಟಲೆ ಕಾದರು. ಕೊನೆಗೆ ಹೋದಾಗ ಕಣ್ಣಿನ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ? ಇದಕ್ಕೆ ಮುಂಚೆ ಕಣ್ಣಿನ ಒಳಗೆ ಯಾವಾಗ ನೋಡಿಸಿದ್ರಿ?" ಎರಡನೆಯದಕ್ಕೆ ಇವರಲ್ಲಿ ಉತ್ತರ ಇರಲಿಲ್ಲ.

ಬಲಗಣ್ಣು ಹೋದದ್ದು ಹೋಯಿತು. ಎಡಗಣ್ಣಲ್ಲೂ ಕಾಯಿಲೆ ಶುರುವಾಗಿತ್ತು. ಲೇಸರ್ ಕೊಟ್ಟು ಉಳಿಸಿದರು. ಓಡಾಡುವುದಕ್ಕೆ ತೊಂದರೆಯಿಲ್ಲ. ಆದರೆ ಆಲೆಮನೆಯ ಹಬೆಯಲ್ಲಿ ನೊರೆಯ ಬಣ್ಣ ಹಿಡಿಯುವಷ್ಟು ಅದು ಸಾಲದು. ಈಗ ಕೊಪ್ಪರಿಗೆ ಮುಂದೆ ನಿಲ್ಲುವವನು ಮಗ. ಅಪ್ಪ ಪಕ್ಕದ ಕಲ್ಲಿನ ಮೇಲೆ ಕೂತು, ವಾಸನೆ ನೋಡಿ "ಆಯ್ತು, ಇಳ್ಸಲಾ" ಅನ್ನುತ್ತಾರೆ.

ನಾಲೆ ಏರಿ ಸಡಿಲವಾದ ಹಾಗೆ

ಆದದ್ದೇನು? ಕಣ್ಣಿನ ಹಿಂಬದಿಗೆ ಒಂದು ತೆಳು ಪರದೆ ಇದೆ. ಪುಸ್ತಕದಲ್ಲಿ ಅಕ್ಷಿಪಟಲ, ಡಾಕ್ಟರ ಬಾಯಲ್ಲಿ ರೆಟಿನಾ. ನಾವು ನೋಡುವುದೆಲ್ಲ ಬಂದು ಮೂಡುವುದು ಅದರ ಮೇಲೆ. ಅದಕ್ಕೆ ರಕ್ತ ಉಣಿಸುವ ನಾಳಗಳು ಕೂದಲಿಗಿಂತ ಸಣ್ಣವು. ರಕ್ತದಲ್ಲಿ ಸಕ್ಕರೆ ವರ್ಷಾನುಗಟ್ಟಲೆ ಹೆಚ್ಚಿದ್ದರೆ ಈ ನಾಳಗಳ ಗೋಡೆ ಬಲ ಕಳೆದುಕೊಳ್ಳುತ್ತದೆ.

ವಿಶ್ವೇಶ್ವರಯ್ಯ ನಾಲೆ ಬಯಲಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರಿ ಸಡಿಲವಾದರೆ ಮೊದಲು ಜಿನುಗುತ್ತದೆ, ಆಮೇಲೆ ಒಡೆಯುತ್ತದೆ. ಕಣ್ಣಲ್ಲೂ ಹಾಗೇ. ಅಲ್ಲಲ್ಲಿ ನಾಳ ಉಬ್ಬಿ ರಕ್ತ, ನೀರು ಜಿನುಗುತ್ತದೆ. ಆ ನೀರು ಪರದೆಯ ನಟ್ಟನಡುವೆ ನಿಂತರೆ ಅಕ್ಷರ ಮಸುಕು. ಕೆಲವು ನಾಳ ಪೂರಾ ಮುಚ್ಚಿಹೋಗುತ್ತವೆ. ರಕ್ತ ಸಿಗದ ಕಡೆ ಹೊಸ ನಾಳ ಹುಟ್ಟಿಕೊಳ್ಳುತ್ತವೆ, ಅವು ಬಲು ಪೊಳ್ಳು. ಒಂದು ದಿನ ಒಡೆದು ಕಣ್ಣೊಳಗೇ ರಕ್ತ ಸುರಿಯುತ್ತದೆ. ನಮ್ಮ ಹಿರಿಯರು ಕಂಡ ಕರೀ ನೂಲು ಅದೇ. ಇನ್ನೂ ಬಿಟ್ಟರೆ ಪರದೆಯೇ ಕಿತ್ತು ಬರುತ್ತದೆ.

ಇಷ್ಟೆಲ್ಲ ಒಳಗೆ ನಡೆಯುತ್ತಿರುವಾಗ ಹೊರಗಿನ ನೋಟ ಬಹುಕಾಲ ಸರಿಯಾಗೇ ಇರಬಹುದು. ಕಂಡು ಹಿಡಿಯುವುದು ಆಗಲೇ ಆಗಬೇಕು. ಲೇಸರ್ ಚಿಕಿತ್ಸೆಯಿಂದ ದೃಷ್ಟಿ ತೀರಾ ಕೆಡುವ ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಅನ್ನುವುದು ಅಮೆರಿಕದಲ್ಲಿ 1976ರಷ್ಟು ಹಿಂದೆಯೇ ಸಾಬೀತಾಯಿತು. ಈಗ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಬಂದಿದೆ, ಶಸ್ತ್ರಚಿಕಿತ್ಸೆಯೂ ಇದೆ. ಆದರೆ ಇವೆಲ್ಲ ಹೆಚ್ಚಾಗಿ ಇದ್ದದ್ದನ್ನು ಉಳಿಸುವ ದಾರಿ. ಪೂರಾ ಹೋದದ್ದನ್ನು ತಂದುಕೊಡುವ ದಾರಿಯಲ್ಲ.

ಪೊರೆಯಲ್ಲ ಸ್ವಾಮಿ, ಪರದೆ!

ನಮ್ಮ ಜನ ತಪ್ಪು ತಿಳಿಯುವುದಕ್ಕೆ ಒಂದು ಕಾರಣವೂ ಇದೆ. ಕಣ್ಣು ಮಂಜಾದರೆ ಪೊರೆ, ಪೊರೆ ತೆಗೆಸಿದರೆ ಮತ್ತೆ ಬೆಳಕು, ಇದು ನಾವು ಕಂಡ ದಾರಿ. ಡಾ. ಎಂ. ಸಿ. ಮೋದಿಯವರ ಶಿಬಿರಗಳನ್ನು ಈ ನಾಡು ಮರೆಯುವ ಹಾಗಿಲ್ಲ. ಸಾಲಾಗಿ ಮಲಗಿಸಿ ಪೊರೆ ತೆಗೆದು, ಕೈಹಿಡಿಸಿಕೊಂಡು ಬಂದವರನ್ನು ತಾವೇ ನಡೆದುಹೋಗುವಂತೆ ಮಾಡಿದ ಮಹಾನುಭಾವರು ಅವರು. ಆ ಪುಣ್ಯದ ನೆನಪಿನಿಂದಲೇ "ಕಣ್ಣು ಕಾಣದಂಗಾದಾಗ ನೋಡ್ಕಳಣ" ಅನ್ನುವ ಧೈರ್ಯ ನಮಗೆ. ಪೊರೆಗೆ ಆ ಧೈರ್ಯ ನಡೆದೀತು. ಪರದೆಯ ಕಾಯಿಲೆಗೆ ನಡೆಯುವುದಿಲ್ಲ.

ಇನ್ನು ಕೆಲವರು "ಮೊನ್ನೆ ತಾನೇ ಕನ್ನಡಕದ ಅಂಗಡೀಲಿ ಟೆಸ್ಟ್ ಮಾಡ್ಸಿದೀನಿ" ಅನ್ನುತ್ತಾರೆ. ಗೋಡೆಯ ಮೇಲಿನ ಅಕ್ಷರ ಓದಿಸಿ ಕನ್ನಡಕದ ನಂಬರ್ ಕೊಡುವುದು ಬೇರೆ. ಔಷಧಿ ಹನಿ ಬಿಟ್ಟು, ಕಣ್ಣಿನ ಪಾಪೆ ಅಗಲವಾದ ಮೇಲೆ ಬೆಳಕು ಹಾಯಿಸಿ ಪರದೆ ನೋಡುವುದು ಬೇರೆ. ಸಕ್ಕರೆ ಕಾಯಿಲೆಯವರಿಗೆ ಬೇಕಾದದ್ದು ಎರಡನೆಯದು. ಈಗ ಪರದೆಯ ಫೋಟೋ ತೆಗೆಯುವ ಕ್ಯಾಮೆರಾವೂ ಬಂದಿದೆ.

ಯಾರು, ಯಾವಾಗ?

ನಡುವಯಸ್ಸಿನ ಮೇಲೆ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆಯಾದರೆ, ಗೊತ್ತಾದ ಕೂಡಲೇ ಕಣ್ಣು ತೋರಿಸಬೇಕು. ಯಾಕೆಂದರೆ ಗೊತ್ತಾಗುವ ಎಷ್ಟೋ ವರ್ಷ ಮುಂಚೆಯೇ ಅದು ಮೈಯಲ್ಲಿ ಸೇರಿಕೊಂಡಿರುತ್ತದೆ. ಚಿಕ್ಕ ವಯಸ್ಸಲ್ಲೇ ಬಂದು ಮೊದಲಿಂದ ಇನ್ಸುಲಿನ್ ಮೇಲಿರುವವರು ಐದು ವರ್ಷದೊಳಗೆ ತೋರಿಸಬೇಕು. ಆಮೇಲೆ ಎಲ್ಲರಿಗೂ ವರ್ಷಕ್ಕೊಂದು ಸಲ. ಕಾಯಿಲೆ ಕಂಡರೆ ಡಾಕ್ಟರು ಹೇಳಿದಷ್ಟು ಬೇಗ. ಸಕ್ಕರೆ ಕಾಯಿಲೆ ಇರುವ ಹೆಣ್ಣುಮಗಳು ಬಸುರಿಯಾದರೆ ಮೊದಲ ಮೂರು ತಿಂಗಳಲ್ಲೇ ತೋರಿಸಿಬಿಡಬೇಕು, ಆಗ ಕಾಯಿಲೆ ಬೇಗ ಏರಬಹುದು. ಕರೀ ಚುಕ್ಕೆ, ನೂಲು ತೇಲಿದರೆ, ಪರದೆ ಎಳೆದಂತೆ ಮಂಜಾದರೆ ವರ್ಷ ಕಾಯುವ ಮಾತಿಲ್ಲ, ಅವತ್ತೇ ಹೊರಡಿ.

ಹನಿ ಬಿಟ್ಟ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಬಿಸಿಲು ಚುಚ್ಚುತ್ತದೆ. ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ. ಮಗನನ್ನೋ ಮೊಮ್ಮಗಳನ್ನೋ ಜತೆಗೆ ಕರೆದುಕೊಂಡು ಹೋಗಿ. ಟೋಪಿಯೋ ತಣ್ಣನೆ ಕನ್ನಡಕವೋ ಇರಲಿ.

ಹಾಗಂತ ಕಣ್ಣು ತೋರಿಸಿ ಬಂದೆ, ಇನ್ನು ಹೋಳಿಗೆ ಹೊಡೆಯೋಣ ಅನ್ನಬೇಡಿ. ಸಕ್ಕರೆ ಹತೋಟಿಯಲ್ಲಿದ್ದರೆ ಕಣ್ಣಿನ ಕಾಯಿಲೆ ಹಿಂದೆ ಬೀಳುತ್ತದೆ ಅಂತ 1993ರಲ್ಲಿ, ಬಿ.ಪಿ. ಹತೋಟಿಯೂ ಅಷ್ಟೇ ಮುಖ್ಯ ಅಂತ 1998ರಲ್ಲಿ ದೊಡ್ಡ ಅಧ್ಯಯನಗಳು ತೋರಿಸಿವೆ. "ಸಕ್ರೆ ಬುಟ್ಟಿವ್ನಿ, ಬೆಲ್ಲ ತಿಂತೀನಿ" ಅನ್ನುವ ಜಾಣರಿಗೂ ಒಂದು ಮಾತು. ಎರಡೂ ಬಂದದ್ದು ಅದೇ ಕಬ್ಬಿನ ಹಾಲಿನಿಂದ. ರಕ್ತಕ್ಕೆ ಎರಡೂ ಒಂದೇ.

ಸಂಬಂಧಪಟ್ಟವರ ಗಮನಕ್ಕೆ

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ. 2015ರಿಂದ 2019ರವರೆಗಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಐವತ್ತು ದಾಟಿದ ಸಕ್ಕರೆ ಕಾಯಿಲೆಯವರ ಪೈಕಿ ನೂರಕ್ಕೆ 16.9 ಮಂದಿಗೆ ಪರದೆಯ ಕಾಯಿಲೆ ಕಂಡಿತು. ಅಂದರೆ ಹೆಚ್ಚುಕಡಿಮೆ ಆರು ಜನರಲ್ಲಿ ಒಬ್ಬರಿಗೆ. ಕಾಯಿಲೆ ಇದೆ ಅಂತ ಗೊತ್ತಿದ್ದೂ ಒಮ್ಮೆಯೂ ಕಣ್ಣೊಳಗೆ ನೋಡಿಸದವರೇ ಬಹುಪಾಲು.

ಇಂಗ್ಲೆಂಡಿನಲ್ಲಿ ಸಕ್ಕರೆ ಕಾಯಿಲೆಯವರ ಪಟ್ಟಿ ಇಟ್ಟು, "ಕಣ್ಣು ತೋರಿಸಲು ಬನ್ನಿ" ಅಂತ ಮನೆಗೇ ಕಾಗದ ಕಳಿಸುತ್ತಾರೆ. ದುಡಿಯುವ ವಯಸ್ಸಿನವರನ್ನು ಕುರುಡು ಮಾಡುವ ಕಾರಣಗಳಲ್ಲಿ ಅಲ್ಲಿ ದಶಕಗಳ ಕಾಲ ಮೊದಲ ಸ್ಥಾನದಲ್ಲಿದ್ದ ಈ ಕಾಯಿಲೆ 2009–10ರ ಲೆಕ್ಕದಲ್ಲಿ ಕೆಳಗಿಳಿಯಿತು.

ನಮ್ಮಲ್ಲಿ ಮನೆಗೆ ಕಾಗದ ಬರಬೇಕು ಅಂತ ನಾವು ಕೇಳುತ್ತಿಲ್ಲ. ಕೇಳುವುದು ಸಣ್ಣದು. ಸರ್ಕಾರಿ ಆಸ್ಪತ್ರೆಗೆ ಸಕ್ಕರೆ ಮಾತ್ರೆಗೆ ಬರುವವರ ಚೀಟಿಯಲ್ಲಿ ಇನ್ನೊಂದು ಸಾಲು ಸೇರಲಿ: "ಕಣ್ಣು ನೋಡಿದ ತಾರೀಕು". ಆ ಜಾಗ ಖಾಲಿ ಇದ್ದರೆ ಮಾತ್ರೆ ಕೊಡುವವರೇ "ಅಣ್ಣ, ಅಮ್ಮ, ಹೋಗಿ ತೋರಿಸಿ ಬನ್ನಿ" ಅನ್ನಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಫೋಟೋ ಕ್ಯಾಮೆರಾ ಇರುವ ಕಡೆ ಅದು ಧೂಳು ತಿನ್ನದಿರಲಿ, ಇಲ್ಲದ ಕಡೆ ಬರಲಿ. ಮಳವಳ್ಳಿಯ ಮೂಲೆಯಿಂದ, ನಾಗಮಂಗಲದ ಮೂಲೆಯಿಂದ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಸಕ್ಕರೆ ಪರೀಕ್ಷೆಯೂ ಕಣ್ಣಿನ ಪರೀಕ್ಷೆಯೂ ಒಂದೇ ದಿನ ಮುಗಿಯಲಿ.

ಅಷ್ಟರವರೆಗೆ ನಮ್ಮ ಕೈಲಿರುವುದನ್ನು ನಾವು ಮಾಡೋಣ. ತಾರೀಕು ಮರೆತುಹೋಗುತ್ತದೆ ಅನ್ನುವವರಿಗೆ ಆ ಆಲೆಮನೆಯ ಹಿರಿಯರೇ ಒಂದು ದಾರಿ ತೋರಿಸಿದ್ದಾರೆ. ಅವರ ಮನೆಯ ಕ್ಯಾಲೆಂಡರಿನಲ್ಲಿ ಸಂಕ್ರಾಂತಿ ಮುಗಿದ ಮಾರನೆ ವಾರಕ್ಕೆ ಕೆಂಪು ಗೆರೆ ಎಳೆದಿದೆ. ಎಳೆದವರು ಅವರಲ್ಲ, ಮೊಮ್ಮಗಳು. "ಎಳ್ಳು ಬೆಲ್ಲ ಬೀರಿದ್ ಮ್ಯಾಕೆ ತಾತನ್ ಕಣ್ಣು" ಅನ್ನುವುದು ಅವಳ ಲೆಕ್ಕ.

ನಿಮ್ಮ ಮನೆಯ ಗೆರೆ ಯಾವ ವಾರಕ್ಕೆ?