ಮಾತಿನ ಶ್ರಮವೂ ತಲೆಯ ಶೂಲೆಯೂ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ನಮ್ಮಲ್ಲಿ ಪ್ರಸಿದ್ಧವಾದ ಗಾದೆ. ಮಾತು ಬಲ್ಲವರಾಗುವುದು ಬಹುಮಂದಿಗೆ ಅಷ್ಟೇನೂ ಕಷ್ಟವಲ್ಲ. ತಾಯಿಯ ಮುಖ ನೋಡಿ ನಗುವ ಕೂಸಾಗಲಿ, ಅತಿಥಿಯ ದನಿಯಿಂದಲೇ ಅವನ ಮನಸ್ಸನ್ನು ಅಳೆಯುವ ಗೃಹಿಣಿಯಾಗಲಿ ಆ ವಿದ್ಯೆಯನ್ನು ಪುಸ್ತಕದಿಂದ ಕಲಿತವರಲ್ಲ. ಆದರೆ ಇದನ್ನೇ ಬೀಜಗಣಿತದ ಲೆಕ್ಕದಂತೆ ಹೆಜ್ಜೆಹೆಜ್ಜೆಯಾಗಿ ಕಲಿಯಬೇಕಾದವರೂ ನಮ್ಮ ನಡುವೆ ಉಂಟು. ಅವರೇ ಸ್ವಲೀನರು. ಅಂಥವರಿಗೆ ಬಿಡದ ತಲೆನೋವೂ ಜೊತೆಗೂಡಿದರೆ ಬಾಳು ಎಂತಿರುವುದು? ಅದನ್ನು ಹಗುರಗೊಳಿಸುವ ಬಗೆ ಯಾವುದು? ಇದನ್ನು ಇಲ್ಲಿ ವಿಚಾರ ಮಾಡೋಣ.

ಸ್ವಲೀನತೆ ಅಥವಾ ಆಟಿಸಂ ಎಂಬುದು ಅಂಟುರೋಗವಲ್ಲ. ತಂದೆತಾಯಿಗಳ ಸಾಕಣೆಯ ದೋಷವೂ ಅಲ್ಲ. ಮಿದುಳು ಎಳವೆಯಿಂದಲೇ ಬೇರೊಂದು ರೀತಿಯಲ್ಲಿ ಬೆಳೆಯುವುದರಿಂದ ಉಂಟಾಗುವ ಸ್ಥಿತಿ ಇದು. 1925ರಲ್ಲಿಯೇ ರಷ್ಯದ ವೈದ್ಯೆ ಗ್ರುನ್ಯಾ ಸುಖರೇವಾ ಇಂಥ ಮಕ್ಕಳನ್ನು ವರ್ಣಿಸಿದ್ದರು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಲಿಯೊ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆ ಈ ಹೆಸರು ಲೋಕಪ್ರಸಿದ್ಧವಾಯಿತು. ಸ್ವಲೀನರಲ್ಲಿ ಅನೇಕರಿಗೆ ಬೆಳಕು, ಸದ್ದು, ವಾಸನೆಗಳು ಇತರರಿಗಿಂತ ತೀಕ್ಷ್ಣವಾಗಿ ತಾಗುತ್ತವೆ. ನಮಗೆ ಗಮನಕ್ಕೇ ಬಾರದ ಕೊಳವೆದೀಪದ ಮಿಣುಕು ಅವರ ಕಣ್ಣನ್ನು ಇರಿಯಬಹುದು. 2013ರಿಂದ ಈ ಲಕ್ಷಣವೂ ರೋಗನಿದಾನದ ಅಧಿಕೃತ ಸೂತ್ರಗಳಲ್ಲಿ ಸೇರಿದೆ.

ಒಂದು ಮದುವೆಮನೆಯನ್ನು ಕಲ್ಪಿಸಿಕೊಳ್ಳೋಣ. ವಾಲಗದ ಸದ್ದು, ಹೂವಿನ ಕಂಪು, ನೂರಾರು ಮುಖಗಳು. ಅಲ್ಲಿಗೆ ಬಂದ ಸ್ವಲೀನ ತರುಣಿಯೊಬ್ಬಳು ಎದುರಿನವರ ಕಣ್ಣನ್ನು ಎಷ್ಟು ಹೊತ್ತು ನೋಡಬೇಕು, ಯಾವಾಗ ನಗಬೇಕು, 'ಊಟ ಆಯಿತೇ?' ಎಂಬ ಪ್ರಶ್ನೆ ಕುಶಲವಿಚಾರವೋ ನಿಜವಾದ ವಿಚಾರಣೆಯೋ ಎಂದು ಕ್ಷಣಕ್ಷಣವೂ ಲೆಕ್ಕ ಹಾಕುತ್ತಿರುತ್ತಾಳೆ. ಸ್ವತಃ ಸ್ವಲೀನರಾದ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರು ಹಿಂದೆ ಕಂಡ ಸಂದರ್ಭಗಳನ್ನು ಚಿತ್ರಗಳಂತೆ ನೆನಪಿನಲ್ಲಿ ಕೂಡಿಟ್ಟು, ಹೊಸ ಸಂದರ್ಭ ಬಂದಾಗ ಅದನ್ನು ಹೋಲುವ ಚಿತ್ರವನ್ನು ಹುಡುಕಿ ಅದರಂತೆ ನಡೆದುಕೊಳ್ಳುವುದಾಗಿ ಹೇಳಿದ್ದಾರೆ. ತಮ್ಮ ಸಹಜ ರೀತಿಯನ್ನು ಮರೆಮಾಚಿ ಇತರರಂತೆ ತೋರಿಕೊಳ್ಳುವುದರ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 92 ಮಂದಿ ಸ್ವಲೀನ ವಯಸ್ಕರನ್ನು ಪ್ರಶ್ನಿಸಲಾಯಿತು. ಈ ವೇಷದ ಫಲವೆಂದು ಅವರು ಮುಖ್ಯವಾಗಿ ಹೇಳಿಕೊಂಡದ್ದು ತೀವ್ರವಾದ ಬಳಲಿಕೆಯನ್ನು.

ಇನ್ನು ತಲೆನೋವಿನ ಮಾತು. ವಿಚಿತ್ರವೆಂದರೆ, ಮಿದುಳಿನ ತಿರುಳಿಗೆ ನೋವಿನ ಅರಿವೇ ಇಲ್ಲ. ನೋಯುವುದು ಅದನ್ನು ಸುತ್ತಿದ ಪೊರೆ ಮತ್ತು ರಕ್ತನಾಳಗಳು. ಆ ನೋವಿನ ಸುದ್ದಿಯನ್ನು ಒಯ್ಯುವುದು ಮುಖದ ಮುಕ್ಕವಲು ನರ. ಈ ವ್ಯವಸ್ಥೆ ಕೆರಳಿದಾಗ ಹುಟ್ಟುವ ಮೈಗ್ರೇನ್ ಅಪರೂಪದ ಬೇನೆಯೇನೂ ಅಲ್ಲ. ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ 2,329 ವಯಸ್ಕರ ಸಮೀಕ್ಷೆಯೊಂದರಲ್ಲಿ, ಒಂದು ವರ್ಷದ ಅವಧಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಬಂದಿದ್ದಿತು. ಮೂರು ತಿಂಗಳಿಗೂ ಮೀರಿ, ತಿಂಗಳಲ್ಲಿ 15 ದಿನಗಳು ಅಥವಾ ಅದಕ್ಕಿಂತ ಹೆಚ್ಚು ದಿನ ತಲೆ ನೋಯುತ್ತಿದ್ದರೆ ಅದನ್ನು ವೈದ್ಯರು ದೀರ್ಘಕಾಲಿಕವೆಂದು ಕರೆಯುತ್ತಾರೆ. ನಿದ್ರಾಭಂಗ, ಹೊತ್ತು ತಪ್ಪಿದ ಊಟ, ಮನಸ್ಸಿನ ಒತ್ತಡ, ಕಣ್ಣು ಕುಕ್ಕುವ ಬೆಳಕು ಇವೆಲ್ಲ ಮೈಗ್ರೇನನ್ನು ಕೆರಳಿಸಬಲ್ಲವು. ಸ್ವಲೀನರ ದಿನಚರಿಯಲ್ಲಿ ಇವುಗಳಿಗೆ ಕೊರತೆಯಿಲ್ಲವೆಂಬುದನ್ನು ವಾಚಕರು ಈಗಾಗಲೇ ಊಹಿಸಿರಬಹುದು.

ಇಲ್ಲಿ ಇನ್ನೊಂದು ತೊಡಕುಂಟು. ತಮ್ಮೊಳಗಿನ ಭಾವವನ್ನು ಗುರುತಿಸಿ ಹೆಸರಿಸುವುದು ಸ್ವಲೀನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಷ್ಟ. ಹಸಿವು, ಬಾಯಾರಿಕೆ, ನೋವುಗಳ ಸೂಚನೆಯೂ ಕೆಲವರಿಗೆ ತಡವಾಗಿ ತಿಳಿಯುತ್ತದೆ. ಮಾತನಾಡದ ಮಗು ತಲೆಯನ್ನು ಗೋಡೆಗೆ ಬಡಿದುಕೊಂಡರೆ ಮನೆಯವರು ಹಠವೆನ್ನುತ್ತಾರೆ. ಅದು ನೋವಿನ ಮೊರೆಯೂ ಆಗಿರಬಹುದು. ನಡತೆಯನ್ನು ತಿದ್ದುವ ಮುನ್ನ ತಲೆ, ಹಲ್ಲು, ಕಿವಿ, ಹೊಟ್ಟೆಗಳನ್ನು ವೈದ್ಯರಿಗೆ ತೋರಿಸುವುದು ನ್ಯಾಯ.

ಈ ತೊಡಕಿಗೆ ಸುಲಭ ಸಾಧನವೆಂದರೆ ತಲೆನೋವಿನ ದಿನಚರಿ ಪುಸ್ತಕ. ನೋವು ಬಂದ ಹೊತ್ತು, ಹಿಂದಿನ ರಾತ್ರಿಯ ನಿದ್ರೆ, ಊಟ, ಹೋಗಿದ್ದ ಸ್ಥಳ, ನುಂಗಿದ ಮಾತ್ರೆ ಇಷ್ಟನ್ನು ಬರೆದಿಟ್ಟರೆ ಸಾಕು. ನಾಲಿಗೆ ಹೇಳಲಾರದ್ದನ್ನು ಪುಸ್ತಕ ವೈದ್ಯರಿಗೆ ಹೇಳುತ್ತದೆ. ಮಾತ್ರೆಗಳ ಲೆಕ್ಕ ಬಹು ಮುಖ್ಯ. ಪ್ಯಾರಸಿಟಮಾಲ್‌ನಂಥ ಸಾಧಾರಣ ಮಾತ್ರೆಯನ್ನು ತಿಂಗಳಿಗೆ 15 ದಿನ, ಹಲವು ಔಷಧಗಳು ಬೆರೆತ ಮಾತ್ರೆಯನ್ನು 10 ದಿನ, ಹೀಗೆ ಮೂರು ತಿಂಗಳಿಗೂ ಮೀರಿ ನುಂಗುತ್ತ ಹೋದರೆ ಆ ಔಷಧವೇ ತಲೆನೋವಿಗೆ ಕಾರಣವಾದೀತು. ನೋವು ಬರದಂತೆ ತಡೆಯುವ ಔಷಧಗಳೂ ಇವೆ. ಅವು ವೈದ್ಯರ ಸಲಹೆಯಿಂದಲೇ ದೊರೆಯಬೇಕಾದವು. ಸಿಡಿಲಿನಂತೆ ಹಠಾತ್ತನೆ ಎರಗಿದ ತಲೆನೋವು, ಜ್ವರದೊಡನೆ ಕತ್ತು ಸೆಟೆಯುವುದು, ಕೈಕಾಲು ಸೋಲುವುದು ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಲೋಕದ ನಡವಳಿಕೆಯನ್ನು ಕಲಿಯುವುದೇ ಬೇಡವೇ? ಬೇಕು, ಆದರೆ ಕಲಿಯುವ ಹೊಣೆ ಒಬ್ಬರದೇ ಅಲ್ಲ. ಸ್ವಲೀನರೂ ಇತರರೂ ಪರಸ್ಪರ ಅರಿಯಲಾರದೆ ಹೋಗುವುದು ಎರಡೂ ಕಡೆಯ ಕೊರತೆಯೆಂದು 2012ರಲ್ಲಿ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ವಾದಿಸಿದರು, ಅವರೂ ಸ್ವಲೀನರೇ. 2020ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಬೆಂಬಲವಿತ್ತಿತು. ಎಂಟೆಂಟು ಜನರ ಸರಪಳಿಯಲ್ಲಿ ಒಂದು ಕಥೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಲಾಯಿತು. ಸ್ವಲೀನರಷ್ಟೇ ಇದ್ದ ಸರಪಳಿಯಲ್ಲಿ ಕಥೆ ಇತರರ ಸರಪಳಿಯಲ್ಲಿದ್ದಷ್ಟೇ ಚೆನ್ನಾಗಿ ಉಳಿಯಿತು. ಇಬ್ಬರೂ ಬೆರೆತಲ್ಲಿ ಹೆಚ್ಚು ಸೋರಿಹೋಯಿತು.

ಆದಕಾರಣ ಸ್ವಲೀನರು ಕಲಿಯಬೇಕಾದ ಮೊದಲ ಸಾಮಾಜಿಕ ವಿದ್ಯೆ ನಗುಮುಖದ ನಟನೆಯಲ್ಲ. 'ನನಗೆ ತಲೆ ನೋಯುತ್ತಿದೆ, ಸ್ವಲ್ಪ ಹೊತ್ತು ಕತ್ತಲ ಕೋಣೆಯಲ್ಲಿರುತ್ತೇನೆ' ಎಂದು ಮಾತಿನಿಂದಲೋ ಚೀಟಿಯಿಂದಲೋ ತಿಳಿಸುವುದೇ ಆ ವಿದ್ಯೆ. ಉಳಿದವರು ಕಲಿಯಬೇಕಾದದ್ದು ಆ ಮಾತನ್ನು ನಂಬುವುದನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸ್ವಲೀನತೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಆದರೆ ಮದುವೆಮನೆಯ ಹಿಂಬದಿಯಲ್ಲಿ ಒಂದು ನಿಶ್ಶಬ್ದವಾದ ಕೋಣೆಯನ್ನು ತೆರೆದಿಡಲು ಕಾಯಿದೆಯ ಅಪ್ಪಣೆಗೆ ಕಾಯಬೇಕಾಗಿಲ್ಲ.