ಸಂಕದ ಮಾದರಿ ಕಲಿಸಿದ ಪಾಠ

ಮಳೆಗಾಲದಲ್ಲಿ ತೋಡಿನ ಮೇಲಿನ ಅಡಿಕೆ ಮರದ ಸಂಕ ದಾಟಿ ಶಾಲೆಗೆ ಬರುವವರು ನಮ್ಮಲ್ಲಿ ಹಲವರಿದ್ದಾರೆ. ಗಟ್ಟಿಯಾದ ಸಂಕ ಹೇಗಿರಬೇಕೆಂದು ತಿಳಿಯಲು ನಾವು ಬಿದಿರಿನ ಕಡ್ಡಿಗಳಿಂದ ಒಂದು ಮಾದರಿಯನ್ನು ರಚಿಸಿದೆವು.

ಬೇಕಾದುದನ್ನು ಮೊದಲು ಬರೆದುಕೊಂಡೆವು: ಅಂತರ 2 ಅಡಿ, ಭಾರ 5 ಕಿಲೋ, ಕಡ್ಡಿಗಳು 50 ಮಾತ್ರ. ಬಳಿಕ ನಕ್ಷೆ ಬರೆದು, ನೂಲಿನಿಂದ ಬಿಗಿದು ಕಟ್ಟಿ, ನಡುವೆ ಬಾಲ್ದಿ ತೂಗಹಾಕಿ ಮರಳು ಸುರಿದೆವು. ಬರಿಯ ಚೌಕಗಳಿಂದ ಕಟ್ಟಿದ ಮಾದರಿ 2 ಕಿಲೋ ಭಾರಕ್ಕೇ ಓರೆಯಾಗಿ ಕುಸಿಯಿತು. ಕಾರಣ ಹುಡುಕಿದೆವು. ಬದಿಗಳ ಉದ್ದ ಬದಲಾಗದಿದ್ದರೂ ಚೌಕ ಓರೆಯಾಗಬಲ್ಲದು, ತ್ರಿಕೋನ ಹಾಗಾಗದು. ಪ್ರತಿ ಚೌಕಕ್ಕೂ ಕರ್ಣವಾಗಿ ಒಂದೊಂದು ಕಡ್ಡಿ ಬಿಗಿದೆವು. ಈ ಸಲ 5 ಕಿಲೋ ಹೊತ್ತು ನಿಂತಿತು!

ಅಗತ್ಯ, ನಕ್ಷೆ, ರಚನೆ, ಪರೀಕ್ಷೆ, ತಿದ್ದುಪಡಿ — ಇಂಜಿನಿಯರರ ಕ್ರಮವೂ ಇದೇ. ನಮ್ಮ ಚಂದ್ರಗಿರಿ ಹೊಳೆಯನ್ನು ಸೇರುವ ಪಯಸ್ವಿನಿಗೆ ಸುಳ್ಯದ ಅರಂಬೂರಿನಲ್ಲಿ 1989ರಲ್ಲಿ ತೂಗುಸೇತುವೆ ಕಟ್ಟಿದ ಇಂಜಿನಿಯರ್ ಗಿರೀಶ್ ಭಾರದ್ವಾಜರು ಮುಂದೆ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಪಡೆದರು.

ಮಾದರಿ ಮುರಿದರೆ ನಷ್ಟ ನಾಲ್ಕು ಕಡ್ಡಿ. ಸಂಕ ಮುರಿದರೆ ಮಕ್ಕಳ ಜೀವ. ಆದುದರಿಂದ ಮುರಿದ ಮಾದರಿಯನ್ನು ಮನೆಗೆ ತಂದಾಗ ಹಿರಿಯರು ಗದರಿಸಬಾರದಾಗಿ ನಮ್ಮ ವಿನಂತಿ.