ಉದ್ರಿ ಪುಸ್ತಕ ಮತ್ತು ರಸೀದಿ

ಊರು ಬಿಟ್ಟು ಮುಂಬಯಿ ಸೇರಿದ ಕನ್ನಡ ಕುಟುಂಬಗಳಿಗೆ ಮಾಟುಂಗದ ಅಂಗಡಿಸಾಲು ತವರಿನ ನೆನಪನ್ನು ತರುತ್ತಿತ್ತು. ಬಾಳೆಲೆ, ಬ್ಯಾಡಗಿ ಮೆಣಸಿನಕಾಯಿ, ಆಗತಾನೆ ಪುಡಿಮಾಡಿದ ಕಾಫಿಯ ಪರಿಮಳ ಅಲ್ಲಿ ದೊರೆಯುತ್ತಿದ್ದವು. ತಿಂಗಳ ಕೊನೆಯಲ್ಲಿ ಕೈ ಬರಿದಾದಾಗ ಪರಿಚಯದ ಅಂಗಡಿಕಾರನು ಉದ್ರಿ ಬರೆದುಕೊಳ್ಳುತ್ತಿದ್ದನು. ಜಾಮೀನಾಗಲಿ ಬಡ್ಡಿಯಾಗಲಿ ಇಲ್ಲದ ಆ ಸಾಲಕ್ಕೆ ಮುಖಪರಿಚಯವೊಂದೇ ಆಧಾರ.

ಅಂಗಡಿಯಲ್ಲಿ ಕಿರಿಕಿರಿಗಳೂ ಇದ್ದವು. ಚಿಲ್ಲರೆಗೆ ಬದಲಾಗಿ ಪೆಪ್ಪರಮಿಂಟು ಕೈಸೇರುತ್ತಿತ್ತು. ಅದನ್ನೇ ಮರುದಿನ ಹಣವೆಂದು ನೀಡಿದರೆ ಅಂಗಡಿಕಾರನು ಒಪ್ಪುತ್ತಿರಲಿಲ್ಲ. 2016ರಲ್ಲಿ ಬಂದ ಯುಪಿಐ ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿದೆ. ‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕ ಮಾತ್ರ ಹಲವೆಡೆ ಇನ್ನೂ ತೂಗುತ್ತಿದೆ.

ಆ ಫಲಕಕ್ಕೆ ಗ್ರಾಹಕರು ಅಂಜಬೇಕಾಗಿಲ್ಲ. ದೋಷವುಳ್ಳ ಸರಕನ್ನು ರಸೀದಿಯಲ್ಲಿ ಕಾಣಿಸಿದ ಅವಧಿಯೊಳಗೆ, ಅವಧಿ ಕಾಣಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ರಸೀದಿ ಕೊಡದಿರುವುದೂ ಅಂತಹುದೇ. ಆದರೆ ಸೀರೆಯ ಬಣ್ಣ ಮನೆಯಲ್ಲಿ ಒಪ್ಪಿಗೆಯಾಗಲಿಲ್ಲವೆಂಬುದು ದೋಷವೆನಿಸದು. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯಲ್ಲಿ ತೆರಿಗೆಗಳೆಲ್ಲ ಸೇರಿರುವುದರಿಂದ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಮಾತು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಪರಿಚಯದವನಲ್ಲಿ ರಸೀದಿ ಕೇಳುವುದು ಹೇಗೆಂಬ ದಾಕ್ಷಿಣ್ಯವು ಅನೇಕರ ಬಾಯಿ ಕಟ್ಟುತ್ತದೆ. ಆದರೆ ನಂಬಿ ಉದ್ರಿ ಕೊಟ್ಟ ಆ ಹಳೆಯ ಅಂಗಡಿಕಾರನೂ ಪ್ರತಿಯೊಂದು ಪೈಸೆಯನ್ನು ಪುಸ್ತಕದಲ್ಲಿ ಬರೆದೇ ಇಡುತ್ತಿದ್ದನು. ಅದನ್ನು ಅಪನಂಬಿಕೆಯೆಂದು ಯಾರೂ ಭಾವಿಸಲಿಲ್ಲ. ರಸೀದಿ ಕೇಳುವುದೂ ಹಾಗೆಯೇ. ಲೆಕ್ಕ ನೇರವಾಗಿದ್ದಲ್ಲಿ ನಂಟು ಬಾಳುತ್ತದೆ.